ವಿಟಮಿನ್ ಪುಡಿಯ ಅಳತೆ

ಗಾವಡಗೆರೆ ಹೋಬಳಿಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಪ್ರೇಮಮ್ಮ ಇಪ್ಪತ್ತೆರಡು ವರ್ಷದಿಂದ ಹಾಲಿನ ಡಿಗ್ರಿ ನೋಡುತ್ತಾರೆ, ಹಿಂಡಿ ಬೂಸಾ ತೂಗಿ ಕೊಡುತ್ತಾರೆ, ಜೊತೆಗೆ ಬಂದವರ ಬೈಗುಳವನ್ನೂ ಕೇಳಿಸಿಕೊಳ್ಳುತ್ತಾರೆ. ಐವತ್ತಾರರ ಮಂಡಿನೋವಿಗೆ ಇಷ್ಟೇ ಸಾಕಾಗಿ ಹೋಗಿತ್ತು. ಸಾಲದ್ದಕ್ಕೆ ಹೋದ ವಾರ ಇನ್ನೊಂದು ಕೆಲಸ ತಲೆಗೆ ಬಿತ್ತು.

ಡೇರಿಗೆ ಹಾಲು ಹಾಕುವ ಸಾಕಮ್ಮನ ಹಸು ಮಲಗಿಬಿಟ್ಟಿತ್ತು. ಮೇವು ಮುಟ್ಟದು, ಗಂಜಲ ನಿಲ್ಲದು, ಕಾಲು ಸೆಟೆದುಕೊಂಡಿದೆ. ಹುಣಸೂರಿನಿಂದ ಬಂದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ವಿಟಮಿನ್ ಡಿ ಮಿತಿಮೀರಿದೆ, ಮೂತ್ರಪಿಂಡ ಕೆಟ್ಟಿದೆ, ಉಳಿಯುವುದು ಅನುಮಾನ ಎಂದರು. ಡೇರಿಯಲ್ಲಿ ಮಾರುವ ವಿಟಮಿನ್ ಪುಡಿಯನ್ನೂ ಪರೀಕ್ಷೆಗೆ ಕಳಿಸಿದ್ದಾಯಿತು, ಅದರಲ್ಲಿ ದೋಷವಿರಲಿಲ್ಲ. ಹಾಗಾದರೆ ಎಡವಟ್ಟಾಗಿರುವುದು ಅಳತೆಯಲ್ಲೇ, ಮನೆಮನೆಗೆ ಹೋಗಿ ನೋಡಿ ಬರೆದು ಕೊಡಿ ಎಂದು ಡೇರಿ ಅಧ್ಯಕ್ಷ ಚೆಲುವರಾಜು ಪ್ರೇಮಮ್ಮನಿಗೆ ಹೇಳಿ ಕೈತೊಳೆದುಕೊಂಡರು. ಕುರ್ಚಿಯಲ್ಲಿ ಕೂತವರಿಗೆ ಮಂಡಿ ಎಲ್ಲಿ ನೋಯುತ್ತದೆ!

ತಕ್ಕಡಿ ಹೊತ್ತುಕೊಂಡು ಹತ್ತು ಮನೆ ಸುತ್ತಿದರು. ದಿನಕ್ಕೆ ಒಂದೇ ಚಮಚ, ಅಂದರೆ ಹತ್ತು ಗ್ರಾಂ ಹಾಕಬೇಕಾದ ಪುಡಿ ಅದು. ಡಬ್ಬಿಯ ಜೊತೆ ಬಂದ ಚಮಚ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಎಲ್ಲರೂ ಹಿಡಿಯಲ್ಲೇ ಹಾಕುತ್ತಿದ್ದರು, ಅದೂ ಎರಡೆರಡು ಸಲ. ಒಂದು ಹಿಡಿ ನಲವತ್ತು ಗ್ರಾಂ ತೂಗಿತು. ಚೀಲದಲ್ಲಿ ಬರುವ ಹಿಂಡಿಗೂ ಅದೇ ವಿಟಮಿನ್ ಬೆರೆಸಿರುತ್ತಾರೆ. ಸತ್ವದ ಪುಡಿ ಹೆಚ್ಚಾದರೆ ಏನಾಗುತ್ತೆ ಎಂದು ಮನೆಯವರೇ ತಿರುಗಿ ಕೇಳಿದರು. ಹೇಳಿ ಹೇಳಿ ಪ್ರೇಮಮ್ಮನ ಬಾಯಿ ಒಣಗಿತು. ಕಾರಣದ ಜಾಗದಲ್ಲಿ 'ಸದಸ್ಯರ ಅಜಾಗರೂಕತೆ' ಎಂದು ಬರೆದುಕೊಂಡರು.

ಕೊನೆಗೆ ಸಾಕಮ್ಮನ ಕೊಟ್ಟಿಗೆ. ಅವಳು ಹಸುವಿನ ಕತ್ತು ನೀವುತ್ತಾ ಕೂತಿದ್ದಳು. ಬೇರೆಯವರು ನೆನಪಾದಾಗ ಪುಡಿ ಹಾಕಿದ್ದರು. ಇವಳು ಐದು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಎರಡು ಸಲ ಯಾಕೆ ಹಾಕಿದೆ ಎಂದು ಪ್ರೇಮಮ್ಮ ದನಿ ಏರಿಸಿಯೇ ಕೇಳಿದರು.

"ಒಂದೇ ಸಲ ಬಡ್ಸಬಾರ್ದಲ್ವಾ ಅಕ್ಕ? ಮೀಟಿಂಗ್‌ನಲ್ಲಿ ನೀವೂ ಅಂಗೇ ತೋರ್ಸಿದ್ರಿ. ಒಂದ್ ಚಮಚ ಹಾಕಿ, ಆಮೇಕೆ ಇನ್ನೊಂದು. ನಿಮ್ಮನ್ನ ನೋಡೇ ಎಲ್ರೂ ಕಲ್ತಿದ್ದು ಕಣಕ್ಕ."

ಸಾಕಮ್ಮನ ಮಾತಿನಲ್ಲಿ ದೂರು ಇರಲಿಲ್ಲ. ಪ್ರೇಮಮ್ಮನಿಗೆ ನೆನಪಾಯಿತು. ಪುಡಿ ಬಂದ ಹೊಸದರಲ್ಲಿ ಡೇರಿ ಮೀಟಿಂಗ್‌ನಲ್ಲಿ ನಲವತ್ತು ಹೆಂಗಸರ ಮುಂದೆ ಬಕೆಟ್ಟಿಗೆ ಒಂದು ಚಮಚ ಹಾಕಿದ್ದರು. ಊಟದೆಲೆಗೆ ಎರಡೆರಡು ಸಲ ಅನ್ನ ಬಡಿಸಿ ಪಳಗಿದ ಕೈ, ತನ್ನ ಪಾಡಿಗೆ ತಾನು ಇನ್ನೊಂದನ್ನೂ ಹಾಕಿತ್ತು. ಪ್ರೇಮಮ್ಮ ಸಗಣಿಯೆಂದೂ ನೋಡದೆ ಸಾಕಮ್ಮನ ಪಕ್ಕದಲ್ಲೇ ಕೂತು, ಬರೆದದ್ದನ್ನು ಹೊಡೆದುಹಾಕಿದರು.

"ತಪ್ಪು ನಂದು ಕಣವ್ವ."

"ಬುಡಿ ಅಕ್ಕ, ಒಳ್ಳೇದಾಗ್ಲಿ ಅಂತ್ಲೇ ಅಲ್ವಾ ಹಾಕಿದ್ದು," ಎಂದಳು ಸಾಕಮ್ಮ.

ಮಾರನೆಯ ದಿನ ಹಸು ಸತ್ತಿತು. ಪ್ರೇಮಮ್ಮ ಆ ಹತ್ತು ಮನೆಗೂ ಮತ್ತೆ ನಡೆದು ಹೋಗಿ, ನಾನು ತೋರಿಸಿದ್ದೇ ತಪ್ಪು ಎಂದು ಪ್ರತಿ ಬಾಗಿಲಲ್ಲೂ ನಿಂತು ಹೇಳಿದರು. ಯಾರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.