ತಟ್ಟೆ ನೀರು ತೋರಿಸಿದ ಜಾಗ

ಮಿತ್ರರೇ, ನಮ್ಮ ಖಗೋಳ ಸಂಘದ ದೂರದರ್ಶಕಕ್ಕೆ ಇಂದು ಬೆಳಿಗ್ಗೆ ಹಣವೂ ಸಿಕ್ಕಿತು, ಜಾಗವೂ ಸಿಕ್ಕಿತು. ಎರಡೂ ಒಟ್ಟಿಗೆ ಸಿಗುವುದೆಂದು ಯಾರೂ ನಂಬಿರಲಿಲ್ಲ.

ಹಣ ಕೊಡುವವರು ಕೊಳ್ಳೇಗಾಲದ ಅಕ್ಕಿ ಗಿರಣಿಯ ಮಹದೇವಪ್ಪನವರು. ತಮ್ಮ ಕಲ್ಯಾಣ ಮಂಟಪದ ತಾರಸಿಯ ಮೇಲೆ ನಿಲ್ಲಿಸಿದರೆ ಮಾತ್ರ ಕೊಡುವುದೆಂದು ಅವರ ಹಟ. ರಾಮಾಪುರದಾಚೆಯ ಹಾಸುಬಂಡೆಯೇ ಸರಿಯಾದ ಸ್ಥಳವೆಂದು ನನ್ನ ವಾದ.

ಇಂದು ಸಂಘದವರೆಲ್ಲ ಆ ತಾರಸಿಯಲ್ಲಿ ಸೇರಿದಾಗ, ನಾನು ಒಂದು ತಟ್ಟೆಯಲ್ಲಿ ನೀರು ತರಿಸಿ ಬಿಸಿಲಿನಲ್ಲಿಟ್ಟೆ. ಪ್ರತಿಫಲಿಸಿದ ಬೆಳಕು ಎದುರಿನ ಗೋಡೆಯ ಮೇಲೆ ಬಿದ್ದಿತು. “ಯಜಮಾನರೇ, ಸ್ವಲ್ಪ ಅತ್ತಿತ್ತ ನಡೆಯಿರಿ” ಎಂದು ಮಹದೇವಪ್ಪನವರಿಗೆ ಹೇಳಿದೆ. ಅವರು ನಡೆದರು, ಗೋಡೆಯ ಬೆಳಕು ಕುಣಿಯಿತು.

“ಅದು ಗಾಳಿಗೆ ಕಣ್ರಿ ಮೇಡಮ್ನೋರೆ.”

“ಹಾಗಾದರೆ ನಿಲ್ಲಿ.”

ನಿಂತರು. ಬೆಳಕೂ ನಿಂತಿತು.

“ತಾರಸಿ ಅಲುಗಿದರೆ ದೂರದರ್ಶಕವೂ ಅಲುಗುತ್ತದೆ. ನಿಮ್ಮೊಬ್ಬರ ನಡಿಗೆಗೇ ಹೀಗಾದರೆ, ಕೆಳಗೆ ಮದುವೆ ನಡೆಯುವಾಗ ನಕ್ಷತ್ರಗಳ ಗತಿ ಏನು?”

ಅವರ ಭಾವಮೈದುನ ನಕ್ಕರು: “ಬಾವ, ನೀವ್ ನಡುದ್ರೆ ಮಂಟ್ಪನೇ ಅಳ್ಳಾಡ್ತದಲ್ಲ.”

ಮಹದೇವಪ್ಪನವರು ಮತ್ತೊಮ್ಮೆ ನಡೆದು, ಮತ್ತೊಮ್ಮೆ ನಿಂತು, ಗೋಡೆಯನ್ನೇ ದಿಟ್ಟಿಸಿದರು. “ಓಗ್ಲಿ, ಬಂಡೆ ಮ್ಯಾಲೇ ಮಡೀಕಳಿ. ದುಡ್ ಕೊಡ್ತೀನಿ. ಆದ್ರೆ ಮೊದ್ಲು ನೋಡೋನು ನಾನೇಯ.”

“ಆಗಬಹುದು. ಮೊದಲಿಗೆ ಶನಿಗ್ರಹವನ್ನೇ ತೋರಿಸುತ್ತೇನೆ. ಅದರ ಬಳೆಗಳು ಬಹಳ ಸುಂದರ.”

“ಅವ್ನೊಬ್ಬ ಬ್ಯಾಡ ಕಣ್ರಿ. ಚಂದ್ರನ್ನ ತೋರ್ಸಿ.”

ಕೂಡಲೇ ಒಪ್ಪಿದೆ. ಶನಿಗೆ ಯಾವ ಅವಸರವೂ ಇಲ್ಲ. ಎರಡನೆಯವನಾಗಿ ಬಂದರೂ ಬೇಸರಿಸಿಕೊಳ್ಳುವುದಿಲ್ಲ.