ಖಾಲಿ ಪೈಪಿನಲ್ಲಿ ಮೂರು ಬಡಿತ

1996ರಲ್ಲಿ, ಎಂಟನೇ ಕ್ಲಾಸಿನ ಅರ್ಧದಲ್ಲೇ ನಾನು ಶಾಲೆ ಬಿಟ್ಟೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಅಜ್ಜಂಪುರ, ತರೀಕೆರೆ, ಕಡೂರು, ಈ ಮೂರು ಊರುಗಳಲ್ಲಿ ನಾನು ನಲ್ಲಿ ಕೂಡಿಸದ ಬೀದಿ ಕಡಿಮೆ. ದೆವ್ವ ಗಿವ್ವ ಎಂದವರನ್ನು ಕಂಡರೆ ನಗುತ್ತಿದ್ದವನು ನಾನು. ಗೋಡೆಯೊಳಗೆ ಯಾರೋ ಬಡಿಯುತ್ತಾರೆ ಎಂದು ಹೆದರಿ ಕರೆದವರ ಮನೆಗಳಿಗೆ ಎಷ್ಟೋ ಸಲ ಹೋಗಿದ್ದೇನೆ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಕಾರಣ. ಕಕ್ಕಸಿನಲ್ಲಿ ಫ್ಲಶ್ ಒತ್ತಿದಾಗ ಫ್ಲಶ್ ಟ್ಯಾಂಕಿಗೆ ನೀರು ಜೋರಾಗಿ ನುಗ್ಗುತ್ತದೆ. ತುಂಬಿದ ಕೂಡಲೇ ವಾಲ್ವ್ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಓಡಿಬರುತ್ತಿದ್ದ ನೀರು ಎಲ್ಲಿಗೆ ಹೋಗಬೇಕು? ಪೈಪಿಗೆ ಗುದ್ದುತ್ತದೆ, ಪೈಪು ಗೋಡೆಗೆ ಗುದ್ದುತ್ತದೆ. ನೀರಿಲ್ಲದ ಪೈಪು ಬಡಿಯುವುದಿಲ್ಲ. ಹಾಗೆಂದೇ ನಂಬಿದ್ದೆ.

ಈ ಸಂಗತಿ ಹೇಳಬೇಕಾದರೆ ರುದ್ರೇಶನ ವಿಷಯ ಹೇಳಲೇಬೇಕು. ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಅಜ್ಜಂಪುರದಲ್ಲಿ ನಮ್ಮ ಬೀದಿಯವನೇ, ನನ್ನ ಕ್ಲಾಸಿನವನೇ. ನಾನು ಶಾಲೆ ಬಿಟ್ಟದ್ದು ನೋಡಿ ಅವನೂ ಬಿಟ್ಟ. ಕಡೂರಿನ ಮೇಸ್ತ್ರಿಯೊಬ್ಬರ ಹತ್ತಿರ ಕೆಲಸಕ್ಕೆ ಸೇರಿದೆವು. ನಾನು ಮೊದಲು, ಅವನು ಆಮೇಲೆ. ಆಗ ನಮ್ಮ ಕೈಯಲ್ಲಿ ಮೊಬೈಲ್ ಇರಲಿಲ್ಲ, ಪೈಪುಗಳೆಲ್ಲ ಕಬ್ಬಿಣದವು. ಒಬ್ಬ ತಾರಸಿ ಮೇಲೆ ಟ್ಯಾಂಕಿನ ಹತ್ತಿರ, ಒಬ್ಬ ಕೆಳಗೆ. ಕೂಗಾಡಿದರೆ ಮನೆಯವರು ಬೈಯುತ್ತಿದ್ದರು. ಅದಕ್ಕೆ ರೆಂಚಿನಿಂದ ಪೈಪಿಗೆ ಬಡಿದು ಹೇಳುವ ಪದ್ಧತಿ ಮಾಡಿಕೊಂಡೆವು. ಎರಡು ಬಡಿದರೆ ನೀರು ಬಿಡು. ಮೂರು ಬಡಿದರೆ ನಿಲ್ಲಿಸು. ಕೇಳಿಸಿತು ಎನ್ನುವುದಕ್ಕೆ ಇನ್ನೊಬ್ಬ ಒಂದೇ ಒಂದು ಬಡಿಯಬೇಕು. ಇದು ನಮ್ಮಿಬ್ಬರದೇ. ಮೇಸ್ತ್ರಿಗೂ ಗೊತ್ತಿರಲಿಲ್ಲ.

ಹಾಗೇ ಹತ್ತು ವರ್ಷ ದುಡಿದೆವು. ಆಮೇಲೆ ಅವನು ತರೀಕೆರೆಯಲ್ಲಿ ಅಂಗಡಿ ಹಾಕಿದ. ಬೋರ್ಡಿನ ಮೇಲೆ ಅವನ ಹೆಸರು ಮಾತ್ರ ಇತ್ತು. ಜಗಳವೇನೂ ಆಗಲಿಲ್ಲ. ಅವನ ಒಂದು ರೆಂಚು ನನ್ನ ಚೀಲದಲ್ಲೇ ಉಳಿಯಿತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ. ನೋಡನೋಡುತ್ತ ಕಂಟ್ರಾಕ್ಟರಾದ, ಕಾರು ತಗೊಂಡ. ಮುದುಕರು ಕೂಡ ಅವನನ್ನು ರುದ್ರೇಶಣ್ಣ ಎನ್ನುತ್ತಿದ್ದರು. ನಾನು ಹೋದರೆ ‘ಪ್ಲಂಬರ್ ಬಂದ’ ಅಷ್ಟೇ. ಅವನಿಗಿಂತ ಮೊದಲು ರೆಂಚು ಹಿಡಿದವನು ನಾನು! ಅವನ ಕಾರು ಎದುರಿಗೆ ಹಾದುಹೋದರೆ ಬಾಯಲ್ಲಿದ್ದ ಟೀ ಸಪ್ಪಗಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಸೋಮವಾರ, ತರೀಕೆರೆಯಿಂದ ಸರೋಜಮ್ಮ ಎಂಬ ವಯಸ್ಸಾದ ಹೆಂಗಸು ಫೋನು ಮಾಡಿದರು.

“ಫ್ಲಶ್ ಒತ್ತಿದ್ರೆ ಗೋಡೇನೇ ಬಿದ್ದೋಗೋ ಹಂಗೆ ಬಡೀತೈತೆ ಕಣಪ್ಪ. ರುದ್ರೇಶಣ್ಣಂದೇ ಕೆಲ್ಸ. ಅವ್ರು ಹಿರೇನಲ್ಲೂರಲ್ಲಿ ಕಲ್ಯಾಣ ಮಂಟಪದ ಕೆಲ್ಸ ಹಿಡಿದವ್ರಂತೆ, ಪುರುಸೊತ್ತಿಲ್ಲ. ಅದಕ್ಕೇ ನಿನಗೆ ಮಾಡ್ದೆ.”

ಆ ‘ಅದಕ್ಕೇ’ ಚುಚ್ಚಿತು. ಆದರೂ ಸ್ಕೂಟರ್ ಹತ್ತಿದೆ. ರುದ್ರೇಶನ ಕೆಲಸದಲ್ಲಿ ತಪ್ಪು ಹಿಡಿಯುವ ಭಾಗ್ಯ ದಿನಾ ಸಿಗುತ್ತದೆಯೇ? ಅದನ್ನು ನಾನು ಸರಿಮಾಡಬೇಕು, ಅವನಿಗಿಂತ ನಾನೇ ಮೇಲು ಎಂದು ಆ ಮನೆಯವರ ಬಾಯಿಂದಲೇ ಬರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ತಪ್ಪು ಸಿಗಲಿಲ್ಲ. ಎಲ್ಲವೂ ಪ್ಲಾಸ್ಟಿಕ್ ಪೈಪು. ಪೈಪನ್ನು ಗೋಡೆಗೆ ಬಿಗಿಹಿಡಿಯುವ ಕ್ಲಾಂಪುಗಳು ದಾರ ಹಿಡಿದು ಹೊಡೆದಂತೆ ನೆಟ್ಟಗಿದ್ದವು. ಕೆಟ್ಟಿದ್ದದ್ದು ಫ್ಲಶ್ ಟ್ಯಾಂಕಿನ ವಾಲ್ವ್. ಅದರ ಮೇಲೆ, ಮನೆಯವರು ಈಚೆಗೆ ಹಾಕಿಸಿದ್ದ ಪ್ರೆಶರ್ ಪಂಪಿನ ಜೋರು.

“ರುದ್ರೇಶಣ್ಣ ಏನಾದ್ರೂ ತಪ್ಪು ಮಾಡವ್ರಾ?”

“ಇಲ್ಲ ಕಣಮ್ಮ.”

“ಅವ್ರು ಮಾಡಲ್ಲ ಬಿಡು,” ಎಂದು ಒಳಗೆ ಹೋದರು.

ಪಂಪು ಆರಿಸಿ, ತಾರಸಿ ಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿಗಳನ್ನೆಲ್ಲ ತೆರೆದು ಲೈನು ಖಾಲಿ ಮಾಡಿದೆ. ಫ್ಲಶ್ ಟ್ಯಾಂಕಿಗೆ ಹೊಸ ವಾಲ್ವ್ ಹಾಕಿದೆ. ಆಮೇಲೆ ಪೈಪಿನ ಮೇಲೆ ನೆಟ್ಟಗೆ, ತುದಿ ಮುಚ್ಚಿದ ಒಂದು ಪೈಪಿನ ತುಂಡು ಜೋಡಿಸುತ್ತಿದ್ದೆ. ಅದರೊಳಗೆ ನಿಂತ ಗಾಳಿ ನೀರಿನ ಗುದ್ದನ್ನು ತಡೆದುಕೊಳ್ಳುತ್ತದೆ. ಆಗ, ಮಧ್ಯಾಹ್ನದ ಊಟದ ಹೊತ್ತಿಗೆ, ಬಡಿತ ಬಂತು. ಮೂರು.

ಪ್ಲಾಸ್ಟಿಕ್ ಪೈಪಿನ ದಡದಡವಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಟಣ್, ಟಣ್, ಟಣ್. ಆ ಗೋಡೆಗಳಲ್ಲಿ ಕಬ್ಬಿಣದ ಪೈಪು ಒಂದಡಿಯೂ ಇರಲಿಲ್ಲ.

“ಇನ್ನೂ ಬಡೀತಾನೇ ಐತಲ್ಲಪ್ಪಾ! ಏನ್ ರಿಪೇರಿ ಮಾಡ್ತಿದೀಯ?” ಅಡುಗೆಮನೆಯಿಂದ ಸರೋಜಮ್ಮ ಕೂಗಿದರು. ಅಂದರೆ ನನ್ನ ಕಿವಿಯ ಭ್ರಮೆಯಲ್ಲ.

ತಾರಸಿಗೆ ಓಡಿದೆ. ಅಲ್ಲಿ ಯಾರೂ ಇಲ್ಲ. ವಾಲ್ವ್ ಮುಚ್ಚಿದ ಹಾಗೇ ಇತ್ತು. ಪಂಪಿನ ಪ್ಲಗ್ಗನ್ನೂ ಕಿತ್ತು ಕೆಳಗೆ ಬಂದೆ. ಮತ್ತೆ ಮೂರು. ಯೋಚಿಸುವ ಮೊದಲೇ ನನ್ನ ಕೈ ಚೀಲಕ್ಕೆ ಹೋಯಿತು, ರೆಂಚು ಎತ್ತಿತು, ಪೈಪಿಗೆ ಒಂದೇ ಒಂದು ಬಡಿಯಿತು. ಸದ್ದು ನಿಂತಿತು. ಕೈಯಲ್ಲಿದ್ದ ರೆಂಚನ್ನು ಆಗ ನೋಡಿದೆ. ಅದು ರುದ್ರೇಶನದು.

ಜೋಡಿಸಿದ ತುಂಡಿನ ಅಂಟು ಒಣಗುವವರೆಗೆ ಕಾದು, ನೀರು ಬಿಟ್ಟು, ಫ್ಲಶ್ ಒತ್ತಿದೆ. ಟ್ಯಾಂಕು ಸದ್ದಿಲ್ಲದೆ ತುಂಬಿಕೊಂಡಿತು. ಸರೋಜಮ್ಮ ತಾವೂ ಒತ್ತಿ, ಗೋಡೆಗೆ ಕಿವಿಯಿಟ್ಟು ಕೇಳಿದರು.

“ರುದ್ರೇಶಣ್ಣನ ಕೈಗಿಂತ ನಿನ್ ಕೈಯೇ ವಾಸಿ ಬಿಡಪ್ಪ.”

ಎಷ್ಟೋ ವರ್ಷದಿಂದ ಕಾದಿದ್ದ ಮಾತು. ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ.

ಆ ವಾರವೇ ಕಡೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ರುದ್ರೇಶ ಸಿಕ್ಕ.

“ಏನಪ್ಪಾ ಕಂಟ್ರಾಕ್ಟರೇ, ನಡ್ಕೊಂಡೂ ಬತ್ತೀಯಾ?” ಎಂದೆ.

ಅವನು ನಗಲಿಲ್ಲ. ಮೂಲೆಗೆ ಕರೆದ. “ಲೇ, ಯಾರಿಗೂ ಹೇಳ್ಬೇಡ ಕಣೋ. ಸೋಮವಾರ ಮಧ್ಯಾಹ್ನ ಹಿರೇನಲ್ಲೂರಲ್ಲಿ ತಾರಸಿ ಮೇಲೆ ಒಬ್ನೇ ಇದ್ದೆ. ಆಳುಗಳೆಲ್ಲ ಊಟಕ್ಕೆ ಹೋಗಿದ್ರು. ಟ್ಯಾಂಕು ತುಂಬೋಯ್ತು. ಕೆಳಗೆ ನೀನಿದೀಯ ಅನ್ನೋ ಹಂಗೆ ಮೋಟಾರಿನ ಕಬ್ಬಿಣದ ಪೈಪಿಗೆ ಮೂರು ಬಡ್ದೆ. ಸುಮ್ನಿತ್ತು. ಇನ್ನೊಂದ್ಸಲ ಬಡ್ದೆ. ಕೆಳಗಿಂದ ಒಂದು ಬಂತು ಕಣೋ! ಇಳಿದು ನೋಡಿದ್ರೆ ನರಪಿಳ್ಳೆ ಇಲ್ಲ.” ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ: “ನಮ್ಮ ಆಳುಗಳಿಗೆಲ್ಲ ಫೋನೇ. ಒಂದು ಬಡೀಬೇಕು ಅಂತ ಗೊತ್ತಿರೋದು ನಿನಗೊಬ್ಬನಿಗೇ.”

ಆ ಒಂದು ಬಡಿದವನು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವನು ಅಲ್ಲೇ ನನ್ನ ಹೆಗಲ ಮೇಲೆ ಕೈ ಹಾಕುತ್ತಿದ್ದ. ಯಾರಿಗೂ ಹೇಳಬೇಡ ಎಂದವನೇ ಎಲ್ಲರಿಗೂ ಹೇಳಿ, ಮೂರೂ ಊರಿನಲ್ಲಿ ಅದು ರುದ್ರೇಶಣ್ಣನ ಕಥೆಯಾಗುತ್ತಿತ್ತು. ಅಷ್ಟೆಲ್ಲ ಇರುವವನಿಗೆ ಇದನ್ನೂ ಕೊಡಲು ನನಗೆ ಮನಸ್ಸಾಗಲಿಲ್ಲ.

“ಬಿಸ್ಲು ಜಾಸ್ತಿ ಕಣೋ. ಟೋಪಿ ಹಾಕ್ಕೊಂಡು ಹತ್ತು,” ಎಂದು ವಾಷರು ಕಟ್ಟಿಸಿಕೊಂಡು ಹೊರಟೆ.

ತರೀಕೆರೆ ಎಲ್ಲಿ, ಹಿರೇನಲ್ಲೂರು ಎಲ್ಲಿ! ನೀರೇ ಇಲ್ಲದ ಪೈಪಿನಲ್ಲಿ ಆ ಸದ್ದು ಹೇಗೆ ಬಂತು, ನನ್ನ ಉತ್ತರ ಹೇಗೆ ಹೋಯಿತು, ಇಂದಿಗೂ ತಿಳಿದಿಲ್ಲ. ಓದುವ ನಿಮಗೆ ಕಾರಣ ಹೊಳೆದರೆ ನೀವು ನನಗಿಂತ ಬುದ್ಧಿವಂತರು. ಲೈನು ಖಾಲಿ ಮಾಡಿ ಕೂತಾಗಲೆಲ್ಲ ಈಗಲೂ ಕಿವಿ ಕೊಡುತ್ತೇನೆ. ಮತ್ತೆ ಬಂದಿಲ್ಲ.

ಈಗ ನನಗಿರುವುದು ಅಜ್ಜಂಪುರದಲ್ಲಿ ಎರಡು ಕೋಣೆಯ ಸ್ವಂತ ಮನೆ, ಹೆಂಡತಿ, ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು, ಒಂದು ಸ್ಕೂಟರು, ಒಂದು ಚೀಲ. ಚೀಲದಲ್ಲಿ ಎರಡು ರೆಂಚು. ಒಂದು ನನ್ನದು, ಒಂದು ರುದ್ರೇಶನದು.