ಧೋತರದ ಆಚೆ ಬದಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಸೌಜನ್ಯಕ್ಕೆ ಕೇಳಿಸಿಕೊಳ್ಳುತ್ತಿದ್ದೆ, ಅಷ್ಟೇ. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಸಿಸ್ಟರ್, ಹೆದರಿಸುವುದೇನಾದರೂ ಕಂಡರೆ ಮೊದಲು ಕಿಟಕಿ ತೆರೆದು ನೋಡಿ ಎನ್ನುತ್ತಿದ್ದರು. ಮದುವೆಯಾಗಿ ದಾಂಡೇಲಿಯ ಬಂಗೂರನಗರಕ್ಕೆ ಬಂದ ಮೇಲೂ ಆ ಮಾತನ್ನೇ ನಂಬಿಕೊಂಡಿದ್ದೆ. ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನದ ವಿಷಯದಲ್ಲಿ ಮಾತ್ರ ಎಲ್ಲ ಕಿಟಕಿಗಳನ್ನೂ ತೆರೆದು ನೋಡಿಯಾಯಿತು. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮುಂಡಗೋಡದಲ್ಲಿ ನನ್ನ ನಾದಿನಿಯ ಮನೆ. ಅಲ್ಲಿಗೆ ಹೋದಾಗ ಸಂತೆಯ ಅಂಚಿನಲ್ಲಿ ಗುಜರಿ ಸಾಮಾನು ಹರವಿಕೊಂಡು ಕೂತವನ ಬಳಿ ಒಂದು ಹಳೆಯ ಪ್ರೊಜೆಕ್ಟರ್ ಕಂಡೆ. ಮನೆಯಲ್ಲಿ ಸಿನಿಮಾ ಹಾಕಿ ನೋಡುವ ಸಣ್ಣ ಯಂತ್ರ, ಬೂದು ಬಣ್ಣ, ಮೇಲೊಂದು ಹಿಡಿಕೆ. ಜೊತೆಗೆ ತುಕ್ಕು ಹಿಡಿದ ಡಬ್ಬಿಯಲ್ಲಿ ಒಂದೇ ರೀಲು. ನಮ್ಮ ದಾಂಡೇಲಿಯದೇ ಯಾವುದೋ ಹಳೆಯ ಕ್ವಾರ್ಟರ್ಸ್ ಖಾಲಿ ಮಾಡಿದಾಗ ಬಂದ ಸಾಮಾನಂತೆ. “ಓಡಂಗಿಲ್ಲ ಬಿಡ್ರಿ ಅಕ್ಕಾರ, ಶೋಕೇಸಿನ್ಯಾಗ ಇಡಾಕ ಚಂದ ಐತಿ,” ಎಂದ. ಮಾರುವವನೇ ಹಾಗೆಂದ ಮೇಲೆ ನನಗೆ ಅದನ್ನು ಓಡಿಸಲೇಬೇಕೆನಿಸಿತು.

ನಾನು ಮನೆಯಲ್ಲೇ ಬ್ಲೌಸು ಹೊಲಿಯುವವಳು. ಮುಚ್ಚಳ ಬಿಚ್ಚಿದಾಗ ಒಳಗಿನದು ತೀರ ಅಪರಿಚಿತ ಅನಿಸಲಿಲ್ಲ. ಹೊಲಿಗೆ ಯಂತ್ರದ ಹಲ್ಲು ಬಟ್ಟೆಯನ್ನು ಮುಂದಕ್ಕೆ ತಳ್ಳುವಂತೆ, ಇದರ ಒಂದು ಹಲ್ಲು ಫಿಲ್ಮಿನ ತೂತು ಹಿಡಿದು ಕೆಳಗೆ ಎಳೆಯುತ್ತದೆ. ಹಳೆಯ ಬೆಲ್ಟು ಒಣ ಶ್ಯಾವಿಗೆಯಂತೆ ಕೈಯಲ್ಲೇ ಮುರಿಯಿತು. ಹೊಲಿಗೆ ಯಂತ್ರದ ಮೋಟರಿನ ಬೆಲ್ಟು ಹಾಕಿದೆ. ಅದರದೇ ಎಣ್ಣೆ, ಒಂದೊಂದು ಸಂದಿಗೆ ಒಂದೊಂದೇ ಹನಿ. ಫಿಲ್ಮು ಹಾಯುವ ದಾರಿಯನ್ನು ಬಣ್ಣದ ಕುಂಚದಿಂದ ಉಜ್ಜಿದೆ. ಬಲ್ಬು ಹುಬ್ಬಳ್ಳಿಯಿಂದ ತರಿಸಿದೆವು. ಅದು ಎಷ್ಟು ಬಿಸಿಯೆಂದರೆ ಫಿಲ್ಮನ್ನು ನಡುವೆ ನಿಲ್ಲಿಸಿದರೆ ಸುಟ್ಟೇ ಹೋಗುತ್ತದೆ. ರೀಲಿನ ಮೊದಲ ಗೇಣಿನಲ್ಲಿ ನನ್ನ ತಪ್ಪಿನ ಕಂದು ಕಲೆ ಈಗಲೂ ಇದೆ.

ಮೊದಲ ಪ್ರದರ್ಶನದ ದಿನ ಯಜಮಾನರು ಡ್ಯೂಟಿಗೆ ಹೋಗಿದ್ದರು. ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು, ನಡುಮನೆಯ ಬಾಗಿಲಿಗೆ ಮಾವನವರ ಹಳೆಯ ಧೋತರವನ್ನು ಪರದೆಯಾಗಿ ಕಟ್ಟಿದೆ. ಅತ್ತೆಗೆ ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿದ್ದೆ. ಅವರು ಧೋತರ ಸರಿಸಿಕೊಂಡು ಆಚೆ ಪಡಸಾಲೆಗೆ ಹೋಗಿ ಕೂತರು. ಹಳಿಯಾಳದ ಹತ್ತಿರದ ಅವರ ತವರಿನಲ್ಲಿ ಬಯಲಿನಲ್ಲಿ ಸಿನಿಮಾ ಹಾಕಿದರೆ ಪರದೆಯ ಮುಂದೆ ಗಂಡಸರು, ಹಿಂದೆ ಹೆಂಗಸರು ಕೂರುತ್ತಿದ್ದರಂತೆ. “ನಮ್ಮ ಜಾಗಾ ಹಿಂದನ ಅಲ್ಲೇನ,” ಎಂದು ನಕ್ಕರು.

ಮೂರು ನಾಲ್ಕು ನಿಮಿಷದ ಫಿಲ್ಮು. ಮಾತಿಲ್ಲ, ಬಣ್ಣವಿಲ್ಲ. ಕ್ವಾರ್ಟರ್ಸಿನ ಬಾಗಿಲು, ಅದರ ಮೇಲೆ ಹದಿನೇಳು ಎಂಬ ಅಂಕಿ. ಮೂರು ಗಾಲಿಯ ಸೈಕಲ್ಲಿನ ಮೇಲೆ ಒಂದು ಮಗು. ಆಮೇಲೆ ಮೆಟ್ಟಿಲ ಮುಂದೆ ಬಗ್ಗಿ ರಂಗೋಲಿ ಹಾಕುವ ಹುಡುಗಿ. ಒಮ್ಮೆ ತಲೆಯೆತ್ತಿ ನಗುತ್ತಾಳೆ, ಅಷ್ಟೇ.

ಧೋತರದ ಆಚೆಯಿಂದ ಅತ್ತೆಯ ದನಿ ಬಂತು. “ಗಂಗೀ.”

ಗಂಗಾ ಅತ್ತೆಯ ತಂಗಿ. ದಾಂಡೇಲಿಯಲ್ಲಿ ಯಾರೋ ಸಾಹೇಬರ ಮನೆಗೆಲಸಕ್ಕಿದ್ದು, ಹದಿನಾರಕ್ಕೇ ಜ್ವರದಲ್ಲಿ ತೀರಿಹೋದವಳು. ಒಂದು ಫೋಟೋ ಕೂಡ ಇಲ್ಲ. “ಅಕೀ ಮಾರಿ ಅಳಿಸೇ ಹೋಗೇತಿ, ಕೈ ಅಷ್ಟ ನೆನಪೈತಿ,” ಎಂದು ಅತ್ತೆ ಎಷ್ಟೋ ಸಲ ಅಂದದ್ದುಂಟು. ಗಂಗಾ ಎಡಚಿ. ಎಡಗೈಯಲ್ಲಿ ರಂಗೋಲಿ ಹಾಕಿದ್ದಕ್ಕೆ ತಾಯಿಯಿಂದ ಏಟು ತಿನ್ನುತ್ತಿದ್ದಳಂತೆ. ನಾನು ಯಂತ್ರ ಆರಿಸಿ ಆಚೆ ಹೋದಾಗ ಅತ್ತೆ ಧೋತರದ ಅಂಚು ಹಿಡಿದು ಕೂತಿದ್ದರು. “ಎಡಗೈಲೇ ಹಾಕ್ತಾಳ ನೋಡಿದ್ಯಾ? ಅಕೀನ.”

ರಾತ್ರಿ ರೊಟ್ಟಿ ಬಡಿಯುವಾಗ ನನ್ನ ಕೈ ನಿಂತಿತು. ನಾನು ಈಚೆ ಬದಿಯಿಂದ ನೋಡಿದಾಗ ಹುಡುಗಿ ಬಲಗೈಯಲ್ಲಿ ರಂಗೋಲಿ ಹಾಕುತ್ತಿದ್ದಳು. ಪರದೆಯ ಹಿಂದಿನಿಂದ ನೋಡಿದವರಿಗೆ ಎಲ್ಲವೂ ಉಲ್ಟಾ ಕಾಣುತ್ತದೆ. ಬೆಳಿಗ್ಗೆ ಫಿಲ್ಮನ್ನು ಹದಿನೇಳು ನೇರ ಕಾಣುವಂತೆ ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಬಲಗೈ. ಯಜಮಾನರಿಗೆ ಹೇಳಿದಾಗ, ಸುಮ್ಮನಿದ್ದುಬಿಡು, ಅವ್ವನಿಗೆ ಅಷ್ಟರಲ್ಲೇ ಸಮಾಧಾನವಾಗಿದೆ ಎಂದರು. ನಾನೂ ಹಾಗೇ ಇರುತ್ತಿದ್ದೆ. ಆದರೆ ಅತ್ತೆ ಬಿಡಲಿಲ್ಲ. “ಈ ಸಲ ನಾ ಮುಂದ ಕುಂಡ್ರತೇನಿ. ಮಾರಿ ಛಲೋ ಕಾಣ್ಲಿ.”

ಬೆಲ್ಟು ಜಾರುತ್ತಿದೆ, ಬಲ್ಬು ಸರಿಯಿಲ್ಲ ಎಂದು ಎರಡು ದಿನ ಸುಳ್ಳು ಹೇಳಿದೆ. ಮೂರನೆಯ ದಿನ ನನಗೇ ನಾಚಿಕೆಯಾಯಿತು. ಮಧ್ಯಾಹ್ನ ಮತ್ತೆ ಕಂಬಳಿ, ಮತ್ತೆ ಧೋತರ. ಅತ್ತೆ ನನ್ನ ಪಕ್ಕದಲ್ಲಿ, ಯಂತ್ರದ ಬದಿಗೇ ಕೂತರು. ಕೈ ನೋಡಿದ ಕೂಡಲೇ ತಂಗಿ ಎರಡನೆಯ ಸಲ ಹೋಗಿಬಿಡುತ್ತಾಳೆ ಎಂದು ನನಗೆ ಸಂಕಟ.

ಬಾಗಿಲು ಬಂತು. ಹದಿನೇಳು ನೇರವಾಗಿಯೇ ಇತ್ತು. ಅದನ್ನು ಗಮನವಿಟ್ಟು ಓದಿದೆ. ಮಗು, ಸೈಕಲ್ಲು. ಹುಡುಗಿ ಬಗ್ಗಿದಳು. ರಂಗೋಲಿ ಪುಡಿ ಅವಳ ಎಡಗೈ ಬೆರಳುಗಳಿಂದ ಇಳಿಯುತ್ತಿತ್ತು.

ನನ್ನ ಎಡ ಮಣಿಕಟ್ಟಿನ ಗಡಿಯಾರ ಮುಟ್ಟಿ ನೋಡಿಕೊಂಡೆ. ಅವಳದೂ ಅದೇ ಕೈ. ನಿಲ್ಲಿಸಿದರೆ ಫಿಲ್ಮು ಸುಡುತ್ತದೆ, ನಿಲ್ಲಿಸುವಂತಿಲ್ಲ. ಅವಳು ತಲೆಯೆತ್ತಿ ನಕ್ಕಳು. ರೀಲು ಮುಗಿದು ತುದಿ ಪಟಪಟ ಬಡಿಯತೊಡಗಿತು.

“ಯಾವ ಕೈ ಅತ್ತಿ?” ಎಂದೆ, ತಡೆಯಲಾರದೆ.

“ಎಡಗೈ. ನೀ ನೋಡ್ಲಿಲ್ಲೇನ?” ಎಂದು ಎದ್ದರು. “ಗಲ್ಲದ ಮ್ಯಾಲೆ ಕುಳಿ ಇತ್ತು ಅಕೀಗೆ. ಮರತಬಿಟ್ಟಿದ್ದೆ. ಚಾ ಇಡು.”

ಚಹಾ ಕುಡಿದು ಕಂಬಳಿ ತೆಗೆದು ಫಿಲ್ಮನ್ನು ಬೆಳಕಿಗೆ ಹಿಡಿದೆ. ಒಂದೊಂದೇ ಚಿತ್ರ ನೋಡುತ್ತ ಹೋದೆ. ಎಲ್ಲದರಲ್ಲೂ ಬಲಗೈ. ಸಂಜೆ ಒಬ್ಬಳೇ ಓಡಿಸಿ ನೋಡಿದೆ, ಬಲಗೈ. ಬೆಲ್ಟು ಉಲ್ಟಾ ಹಾಕಿದ್ದೀಯೇನೋ ಎಂದು ಯಜಮಾನರು ತಮಾಷೆ ಮಾಡಿದರು. ಅವ್ವನಿಗೆ ಬೇಕಾದದ್ದು ನಿನಗೂ ಕಂಡಿದೆ ಎಂದು ಆಮೇಲೆ ಹೇಳಿದರು. ಇರಬಹುದು. ಆದರೆ ನನಗೆ ಎಡಗೈ ಕಾಣುವ ಆಸೆ ಇತ್ತೆಂದು ಹೇಳಲಾರೆ. ಬಲಗೈಯನ್ನೇ ಎದುರು ನೋಡುತ್ತ, ಏನು ಹೇಳಿ ಸಮಾಧಾನ ಮಾಡಲಿ ಎಂದು ಮಾತು ಹುಡುಕುತ್ತಿದ್ದೆ.

ಅತ್ತೆ ಮತ್ತೆಂದೂ ಆ ಫಿಲ್ಮು ಕೇಳಲಿಲ್ಲ. ಮುಖ ಈಗ ನೆನಪಿದೆ, ಇನ್ನೇನು ನೋಡುವುದು ಎನ್ನುತ್ತಾರೆ. ಯಂತ್ರ ಸುಮ್ಮನಿದ್ದರೆ ಬಿಗಿದುಕೊಳ್ಳುತ್ತದೆಂದು ನಾನೇ ತಿಂಗಳಿಗೊಮ್ಮೆ ಎಣ್ಣೆ ಬಿಟ್ಟು ಓಡಿಸುತ್ತೇನೆ. ಪ್ರತಿ ಸಲವೂ ಬಲಗೈ. ಆದರೂ ಮಗುವಿನ ಸೈಕಲ್ಲು ದಾಟಿ ಹೋದ ಕೂಡಲೇ, ನನಗರಿವಿಲ್ಲದೆ ನನ್ನ ಬೆರಳು ಗಡಿಯಾರ ಹುಡುಕಿಕೊಂಡು ಹೋಗಿರುತ್ತದೆ.